ಕಾಸರಗೋಡಿನಿಂದ ಲಕ್ಷದ್ವೀಪಕ್ಕೆ ಚಿಕ್ಕ ಹಾಯಿದೋಣಿ: ಕಡಲು ಕೆರಳಿದರೆ ಏನು ಮಾಡಬೇಕು

ಕಾಸರಗೋಡಿನ ತೀರದಿಂದ ತೆಂಕುಪಡು ದಿಕ್ಕಿಗೆ ಹೊರಟರೆ ಚೆತ್ಲಾತ್, ಅಮಿನಿ ದ್ವೀಪಗಳು ಸುಮಾರು 150 ನಾಟಿಕಲ್ ಮೈಲಿ ದೂರ. ಮೂವತ್ತಡಿಯ ಹಾಯಿದೋಣಿ ಒಳ್ಳೆಯ ಗಾಳಿಯಲ್ಲಿ ಐದು ನಾಟ್, ಅಂದರೆ ಗಂಟೆಗೆ ಐದು ನಾಟಿಕಲ್ ಮೈಲಿ ವೇಗದಲ್ಲಿ ಸಾಗಿದರೂ ಮೂವತ್ತು ಗಂಟೆ ಬೇಕು. ಒಂದು ರಾತ್ರಿಯನ್ನಾದರೂ ದಡದ ದೀಪ ಕಾಣದ ಕಡೆ ಕಳೆಯಲೇಬೇಕು. ನಮ್ಮ ಕಡೆಯವರಿಗೆ ಇದು ಹೊಸ ದಾರಿಯೇನಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕೂ ಈ ಎರಡು ದ್ವೀಪಗಳಿರುವ ಅಮಿನಿದಿವಿ ಗುಂಪೂ ಆಗಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ಹಾಯಿ ಕಟ್ಟಿದ ಓಡಗಳಲ್ಲಿ ತೆಂಗಿನ ನಾರು, ಕೊಬ್ಬರಿ ತಂದು ಮಂಗಳೂರಿನಲ್ಲಿ ಇಳಿಸಿ ಅಕ್ಕಿ ತುಂಬಿಕೊಂಡು ಹೋಗುತ್ತಿದ್ದರು. ಮಳೆಗಾಲದಲ್ಲಿ ಮಾತ್ರ ಅವರೂ ಓಡಗಳನ್ನು ದಡಕ್ಕೆ ಎಳೆದಿಡುತ್ತಿದ್ದರು.

ಈಗ ಮಂಜೇಶ್ವರ, ಕುಂಬಳೆ, ಬೇಕಲದ ಕಡೆಯ ಹುಡುಗ ಹುಡುಗಿಯರು ಗೋವಾ, ಕೊಚ್ಚಿಗಳಲ್ಲಿ ಹಾಯಿದೋಣಿ ನಡೆಸಲು ಕಲಿಯುತ್ತಿದ್ದಾರೆ. ಹಾಯಿ ತಿರುಗಿಸುವುದು, ನಕ್ಷೆ ಓದುವುದು ಬಲ್ಲವರಿಗಾಗಿ ಈ ಬರಹ. ತಂಡದಲ್ಲಿ ಒಬ್ಬರಾದರೂ ಮೊದಲೇ ಹೊರಗಡಲು ಕಂಡವರಿರಬೇಕು. ಲಕ್ಷದ್ವೀಪಕ್ಕೆ ಕಾಲಿಡಲು ಪರವಾನಗಿ ಬೇಕು. ಅದು ಕೈಗೆ ಬರುವವರೆಗೆ ಹೊರಡುವ ದಿನ ಗೊತ್ತುಮಾಡಬೇಡಿ.

ಮುಂದಿನ ಎಲ್ಲ ಹಂತಗಳಿಗೂ ಆಧಾರವಾದ ಮಾತು ಇದು: ಕೆರಳಿದ ಕಡಲಿನಲ್ಲಿ ದೋಣಿಗಿಂತ ಮೊದಲು ಸೋಲುವವನು ಮನುಷ್ಯ. 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಫಾಸ್ಟ್‌ನೆಟ್ ಸ್ಪರ್ಧೆಗೆ ಹೊರಟ 303 ದೋಣಿಗಳು ಬಿರುಗಾಳಿಗೆ ಸಿಕ್ಕಿದವು. 15 ನಾವಿಕರು ಸತ್ತರು. ಜನ ಬಿಟ್ಟುಹೋದ 24 ದೋಣಿಗಳಲ್ಲಿ ಮುಳುಗಿದ್ದು 5 ಮಾತ್ರ. ಉಳಿದವು ಖಾಲಿಯಾಗಿ ತೇಲುತ್ತಲೇ ಇದ್ದವು. ಒದ್ದೆಯಾಗಿ, ವಾಂತಿ ಮಾಡಿ, ನಿದ್ದೆಗೆಟ್ಟವನ ತಲೆ ಸರಿಯಾಗಿ ಓಡುವುದಿಲ್ಲ. ಆದ್ದರಿಂದ ಕೆಳಗೆ ಹೇಳುವ ಪ್ರತಿಯೊಂದು ಕೆಲಸದ ಉದ್ದೇಶವೂ ದೋಣಿಯಲ್ಲಿರುವವರ ತ್ರಾಣ ಉಳಿಸುವುದು.

ಮೊದಲು ತಿಂಗಳು, ಆಮೇಲೆ ದಿನ

ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮೇ 24ರ ಆಸುಪಾಸಿನ ಆ ದಿನಕ್ಕಿಂತ ಬಹಳ ಮೊದಲೇ ಹಾಯಿಯೂ ಇಳಿದಿರಬೇಕು. ಯಾಂತ್ರಿಕ ಮೀನುಗಾರಿಕೆಗೆ ಕರ್ನಾಟಕದಲ್ಲಿ ಜೂನ್ 1ರಿಂದ, ಕೇರಳದ ಟ್ರಾಲಿಂಗ್‌ಗೆ ಜೂನ್ 9ರ ನಡುರಾತ್ರಿಯಿಂದ, ಎರಡೂ ಕಡೆ ಜುಲೈ 31ರವರೆಗೆ ನಿಷೇಧವಿರುತ್ತದೆ. ದೊಡ್ಡ ಬೋಟುಗಳೇ ದಕ್ಕೆಯಲ್ಲಿ ನಿಂತಿರುವಾಗ ಚಿಕ್ಕ ಹಾಯಿದೋಣಿಗೆ ಹೊರಗೆ ಕೆಲಸವಿಲ್ಲ.

ಮಳೆಗಾಲದ ಹಿಂದುಮುಂದಿನ ತಿಂಗಳುಗಳನ್ನೂ ನಂಬುವಂತಿಲ್ಲ. ಓಖಿ ಎದ್ದದ್ದು 2017ರ ನವೆಂಬರ್ ಕೊನೆಯಲ್ಲಿ. ಕನ್ಯಾಕುಮಾರಿಯ ಹತ್ತಿರ ಕಂಡಷ್ಟರಲ್ಲೇ ಚಂಡಮಾರುತವಾಗಿ ಬೆಳೆದು ಲಕ್ಷದ್ವೀಪದ ಕಡೆ ಸಾಗಿತು. ಎಚ್ಚರಿಕೆ ಬರುವ ಮೊದಲೇ ಕಡಲಿಗೆ ಇಳಿದಿದ್ದ ಮೀನುಗಾರರು ಸಿಕ್ಕಿಬಿದ್ದರು. 2021ರ ಮೇ ತಿಂಗಳ ತೌಕ್ತೆಯಂತೂ ಹುಟ್ಟಿದ್ದೇ ಲಕ್ಷದ್ವೀಪದ ಬಳಿ, ಹಾದುಹೋದದ್ದು ನಮ್ಮ ತೀರದ ಎದುರಿನಲ್ಲೇ. ನನ್ನ ಲೆಕ್ಕದಲ್ಲಿ ಡಿಸೆಂಬರ್ ನಡುವಿನಿಂದ ಮಾರ್ಚ್ ಮುಗಿಯುವವರೆಗೆ ಹೊರಡಬಹುದು. ಏಪ್ರಿಲ್‌ನಲ್ಲಿ ಸಂಜೆ ಘಟ್ಟದ ಮೇಲೆ ಕಟ್ಟಿದ ಗುಡುಗುಮೋಡ ಕೆಲವೊಮ್ಮೆ ಪಡುವಣಕ್ಕೆ ಜಾರಿ ಕಡಲ ಮೇಲೂ ಬರುತ್ತದೆ.

ಮುನ್ಸೂಚನೆ ನೋಡುವಾಗ ಗಡಿನಾಡಿನವರು ಒಂದು ವಿಷಯದಲ್ಲಿ ಜಾಗ್ರತೆ ವಹಿಸಬೇಕು. ನಮ್ಮ ಮನೆಗೆ ಬರುವ ಕನ್ನಡ ಪತ್ರಿಕೆ, ಕನ್ನಡ ವಾಹಿನಿ ಹೇಳುವುದು ಕರ್ನಾಟಕ ಕರಾವಳಿಯ ಹವಾಮಾನ. ಈ ಪ್ರಯಾಣಕ್ಕೆ ಬೇಕಾದದ್ದು ಕೇರಳ ಮತ್ತು ಲಕ್ಷದ್ವೀಪ ಪ್ರದೇಶದ್ದು. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯಲ್ಲಿ ಇವು ಬೇರೆ ಬೇರೆ ಇರುತ್ತವೆ, ಎಲ್ಲವನ್ನೂ ಓದಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ತೆರೆಯ ಎತ್ತರ, ಕಡಲ ಪ್ರವಾಹದ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಎರಡು ಮೀಟರ್ ತೆರೆ ಎಂದಿದ್ದರೆ ಅದು ದೊಡ್ಡ ತೆರೆಗಳ ಸರಾಸರಿ. ನಡುನಡುವೆ ಅದರ ಎರಡು ಪಟ್ಟು ಎತ್ತರದ ತೆರೆಯೂ ಬರುತ್ತದೆ. ಗಾಳಿಯ ಲೆಕ್ಕವೂ ಹಾಗೆಯೇ: 20 ನಾಟ್ ಎಂದಿದ್ದರೆ ಆಗಾಗ 28 ನಾಟ್ ಬೀಸುವುದಕ್ಕೆ ಸಿದ್ಧರಿರಿ.

ಕಳ್ಳಕ್ಕಡಲ್ ಎಂದು ಮಲಯಾಳದಲ್ಲಿ ಹೇಳುವ ಉಬ್ಬುತೆರೆಗೂ ಇನ್‌ಕಾಯ್ಸ್ ಎಚ್ಚರಿಕೆ ಕೊಡುತ್ತದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿದ ಉದ್ದ ತೆರೆಗಳು ಕೆಲವು ದಿನಗಳ ನಂತರ ಇಲ್ಲಿಗೆ ಮುಟ್ಟುತ್ತವೆ. ಇಲ್ಲಿ ಗಾಳಿಯೇ ಇರುವುದಿಲ್ಲ, ಆಕಾಶ ಶುಭ್ರ. ಹೊರಗಡಲಿನಲ್ಲಿ ಅದು ಗೊತ್ತೇ ಆಗದು. ಅಳಿವೆಯಲ್ಲಿ ಮಾತ್ರ ದೋಣಿ ಮಗುಚುವಷ್ಟು ಒಡೆಯುತ್ತದೆ. ಆ ಎಚ್ಚರಿಕೆ ಇರುವ ದಿನ ಹೊರಡಬೇಡಿ, ಒಳಬರಲೂ ಯತ್ನಿಸಬೇಡಿ.

ಹೊರಡುವ ಹಿಂದಿನ ವಾರ

ದೋಣಿ ಪೂರ್ತಿ ಮಗ್ಗುಲಾಗಿ ಬಿದ್ದರೆ ಒಳಗೆ ಏನೇನು ಹಾರುತ್ತದೆ? ಒಳಗೆ ಕೂತು ಪ್ರತಿಯೊಂದು ವಸ್ತುವನ್ನೂ ನೋಡುತ್ತ ಇದನ್ನೇ ಕೇಳಿಕೊಳ್ಳಿ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ನೆಲದ ಹಲಗೆ, ಉಪಕರಣದ ಪೆಟ್ಟಿಗೆ, ಅಡುಗೆಯ ಚೂರಿ, ಎಲ್ಲಕ್ಕೂ ಪಟ್ಟಿಯೋ ಬೀಗವೋ ಬೇಕು. ಮೂಗಿನಲ್ಲಿರುವ ಲಂಗರನ್ನು ಎರಡು ಕಡೆ ಬಿಗಿದು ಕಟ್ಟಿ. ತಳದಲ್ಲಿ ಸೇರಿದ ನೀರು ಹೊರಹಾಕುವ ಬಿಲ್ಜ್ ಪಂಪಿನ ಬಾಯಿಗೆ ಕಸ ಕಟ್ಟದಂತೆ ತಳ ಗುಡಿಸಿ ಒರೆಸಿ. ಕೈಪಂಪಿನ ಹಿಡಿಯನ್ನು ದಾರದಿಂದ ಅಲ್ಲೇ ಕಟ್ಟಿಡಿ. ಚುಕ್ಕಾಣಿಯ ಚಕ್ರ ಕೈಕೊಟ್ಟರೆ ಹಾಕುವ ಬದಲಿ ಹಿಡಿಯನ್ನು ದಕ್ಕೆಯಲ್ಲೇ ಒಮ್ಮೆ ಹಾಕಿ ನೋಡಿ. ಪಟಸ್ತಂಭದ ತಂತಿಗಳ ಬುಡದ ಪಿನ್ನುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಕಣ್ಣಿಗೆ ಕಾಣದ ಬಿರುಕು ಬೆರಳಿಗೆ ಸಿಗುತ್ತದೆ.

ದೋಣಿಯ ಮೇಲಿನ ಅಟ್ಟದ (ಡೆಕ್ಕಿನ) ಉದ್ದಕ್ಕೂ ಎರಡು ಬದಿಗೆ ಬಿಗಿಯಾದ ಪಟ್ಟಿ ಎಳೆಯಿರಿ. ಮೈಗೆ ಹಾಕಿದ ಹಾರ್ನೆಸ್ಸಿನ ಕೊಂಡಿಯನ್ನು ಅದಕ್ಕೆ ಸಿಕ್ಕಿಸಿ ಓಡಾಡಬೇಕು. ಕೊಂಡಿಯ ಹಗ್ಗ ಒಂದು ಮೀಟರಿನದು ಒಳ್ಳೆಯದು. ಉದ್ದವಿದ್ದಷ್ಟೂ ಆಚೆ ನೀರಿಗೆ ಬಿದ್ದು ದೋಣಿಯ ಪಕ್ಕದಲ್ಲಿ ಎಳೆದೊಯ್ಯಲ್ಪಡುವ ಅಪಾಯ ಹೆಚ್ಚು. ರಾತ್ರಿ ಮತ್ತು ಕೆಟ್ಟ ಹವೆಯಲ್ಲಿ, ಒಳಗಿನ ಮೆಟ್ಟಿಲ ಮೇಲಿರುವಾಗಲೇ ಕೊಂಡಿ ಹಾಕಿ ಆಮೇಲೆ ಹೊರಗೆ ಕಾಲಿಡಬೇಕು. ಇದಕ್ಕೆ ರಿಯಾಯಿತಿ ಇಲ್ಲ. ಐದು ನಾಟ್ ವೇಗದಲ್ಲಿ ಒಂದು ನಿಮಿಷಕ್ಕೆ ದೋಣಿ 150 ಮೀಟರ್ ಮುಂದೆ ಹೋಗಿರುತ್ತದೆ. ಕತ್ತಲಲ್ಲಿ, ತೆರೆಗಳ ನಡುವೆ, ಒಂದು ತಲೆ ಅಷ್ಟು ದೂರದಿಂದ ಕಾಣುವುದಿಲ್ಲ.

ಮೊಬೈಲ್ ದಡ ಬಿಟ್ಟು ಸ್ವಲ್ಪ ದೂರಕ್ಕೇ ಸತ್ತುಹೋಗುತ್ತದೆ. ವಿಎಚ್‌ಎಫ್ ರೇಡಿಯೋ ಬೇಕೇ ಬೇಕು, ಅದರ 16ನೇ ಚಾನೆಲ್ ಸದಾ ತೆರೆದಿರಬೇಕು. ಆದರೆ ಚಿಕ್ಕ ದೋಣಿಯಿಂದ ಅದು ಹತ್ತಾರು ಮೈಲಿಯಷ್ಟೇ ಮುಟ್ಟುತ್ತದೆ. ನಡುಗಡಲಿನಿಂದ ಉಪಗ್ರಹದ ಮೂಲಕ ಕೂಗಲು 406 ಮೆಗಾಹರ್ಟ್ಸಿನ ಅಪಾಯಸೂಚಕ ಯಂತ್ರವಾದ ಇಪಿಐಆರ್‌ಬಿ ಇಟ್ಟುಕೊಳ್ಳಿ. ದೋಣಿಯ ಹೆಸರಿನಲ್ಲಿ ಅದನ್ನು ನೋಂದಾಯಿಸಿರಬೇಕು. ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554. ಹೊರಡುವ ಹೊತ್ತು, ಜನರ ಹೆಸರು, ದಾರಿ, ತಲುಪುವ ಅಂದಾಜು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕರಾವಳಿ ಪೊಲೀಸ್ ಠಾಣೆಗೂ ಮನೆಗೂ ಕೊಡಿ.

ಹೊಟ್ಟೆ ಮತ್ತು ನಿದ್ದೆ

ಇದನ್ನು ಕೊನೆಗೆ ನೋಡಿಕೊಂಡರಾಯಿತು ಎಂದು ಬಿಡುವವರೇ ಹೆಚ್ಚು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಕಡಲ ತಲೆಸುತ್ತು ಧೈರ್ಯದ ಪ್ರಶ್ನೆಯಲ್ಲ. ಕಿವಿಯೊಳಗಿನ ಸಮತೋಲನದ ಅಂಗ ಅಲುಗಾಟ ಹೇಳುತ್ತದೆ, ಕೋಣೆಯೊಳಗಿರುವ ಕಣ್ಣು ಅಲುಗಾಟವಿಲ್ಲ ಎನ್ನುತ್ತದೆ. ಆ ಗೊಂದಲಕ್ಕೆ ಹೊಟ್ಟೆ ಮಗುಚುತ್ತದೆ. ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ. ಯಾವ ಮಾತ್ರೆ ಎಷ್ಟು ನಿದ್ದೆ ಬರಿಸುತ್ತದೆಂದು ಮನೆಯಲ್ಲೇ ಒಂದು ದಿನ ನೋಡಿರಬೇಕು. ಮೊದಲ ಗುಳಿಗೆ ಹೊರಡುವ ಮುಂಚೆಯೇ ಹೊಟ್ಟೆ ಸೇರಿರಲಿ. ವಾಂತಿ ಶುರುವಾದ ಮೇಲೆ ನುಂಗಿದ್ದು ನಿಲ್ಲುವುದಿಲ್ಲ.

ಯಾರಿಗಾದರೂ ಮುಖ ಬಿಳಚಿ, ಮಾತು ಕಡಿಮೆಯಾಗಿ, ಆಕಳಿಕೆ ಬರತೊಡಗಿದರೆ ತಡಮಾಡಬೇಡಿ. ಮೇಲೆ ಕರೆದು ಕೊಂಡಿ ಹಾಕಿಸಿ ಚುಕ್ಕಾಣಿ ಕೈಗೆ ಕೊಡಿ, ದಿಗಂತ ನೋಡಲು ಹೇಳಿ. ಹಲವರಿಗೆ ಅಷ್ಟರಲ್ಲೇ ಸುಧಾರಿಸುತ್ತದೆ. ಸುಧಾರಿಸದಿದ್ದರೆ ಕೆಳಗೆ ದೋಣಿಯ ನಡುಭಾಗದಲ್ಲಿ ಮಲಗಿಸಿ, ಕಣ್ಣು ಮುಚ್ಚಿಸಿ, ಓಆರ್‌ಎಸ್ ನೀರನ್ನು ಚಮಚದಷ್ಟೇ ಪದೇ ಪದೇ ಕೊಡಿ. ವಾಂತಿ ಮಾಡಲು ಅಂಚಿಗೆ ಬಾಗುವಾಗಲೇ ಜನ ನೀರಿಗೆ ಬೀಳುವುದು, ಆದ್ದರಿಂದ ಬಕೆಟ್ ಕೈಗೆ ಕೊಡಿ.

ಊಟವನ್ನು ಮನೆಯಲ್ಲೇ ಮಾಡಿಟ್ಟುಕೊಳ್ಳಿ. ಕುಚ್ಚಲಕ್ಕಿ ಗಂಜಿ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಅರ್ಧ ದಿನ ಬಿಸಿಯಾಗಿರುತ್ತದೆ. ಅದಕ್ಕೆ ಒಂದು ಮಿಡಿ ಉಪ್ಪಿನಕಾಯಿ ಇದ್ದರೆ ಉಪ್ಪೂ ನೀರೂ ಒಟ್ಟಿಗೆ ಒಳಹೋಗುತ್ತವೆ. ಅವಲಕ್ಕಿ, ನೇಂದ್ರಬಾಳೆ, ಶುಂಠಿ, ಬೆಲ್ಲ ಕೈಗೆಟಕುವ ಚೀಲದಲ್ಲಿರಲಿ. ದೋಣಿ ಎಗರಾಡುವಾಗ ಒಲೆ ಹಚ್ಚಬೇಡಿ. ಹಚ್ಚಲೇಬೇಕಾದರೆ ಮಳೆ ಪ್ಯಾಂಟು, ಬೂಟು ಹಾಕಿಕೊಂಡೇ ನಿಲ್ಲಿ. ಕುದಿಯುವ ನೀರು ತೊಡೆಯ ಮೇಲೆ ಚೆಲ್ಲಿದರೆ ನಡುಗಡಲಿನಲ್ಲಿ ಮದ್ದಿಲ್ಲ. ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್, ದಾರಿ ಎರಡು ಪಟ್ಟು ಹೊತ್ತು ಹಿಡಿದರೂ ಸಾಲುವಷ್ಟು, ಒಂದೇ ಟ್ಯಾಂಕಿನಲ್ಲಲ್ಲದೆ ಹಲವು ಕ್ಯಾನುಗಳಲ್ಲಿರಲಿ.

ಕಾವಲು ಮೂರು ಗಂಟೆಗೊಂದರಂತೆ ಮೊದಲ ಸಂಜೆಯಿಂದಲೇ ಶುರುವಾಗಬೇಕು. ಉತ್ಸಾಹದಲ್ಲಿ ಎಲ್ಲರೂ ಮೇಲೆ ಕೂತು ಹರಟಿದರೆ ನಡುರಾತ್ರಿಗೆ ಎಲ್ಲರೂ ಒಟ್ಟಿಗೆ ಕುಸಿಯುತ್ತಾರೆ. ಮಲಗುವ ಹಲಗೆಯ ಹೊರ ಅಂಚಿಗೆ ಗಟ್ಟಿ ಬಟ್ಟೆ ಎತ್ತಿ ಕಟ್ಟಿ. ಆ ತೊಟ್ಟಿಲಿನೊಳಗೆ ಮೈ ಆನಿಸಿ ಬಿದ್ದುಕೊಂಡರೆ ಮಾತ್ರ ಸ್ನಾಯುಗಳು ಸಡಿಲಾಗಿ ನಿದ್ದೆ ಬರುತ್ತದೆ.

ಅಳಿವೆ ದಾಟುವುದು

ಚಂದ್ರಗಿರಿಯ ಅಳಿವೆಯಾಗಲಿ ಮಂಜೇಶ್ವರದ್ದಾಗಲಿ, ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತಿರುತ್ತದೆ. ಎದುರಿನಿಂದ ಬರುವ ತೆರೆ ಅದಕ್ಕೆ ಢಿಕ್ಕಿ ಹೊಡೆದು ಕಡಿದಾಗಿ ಏಳುತ್ತದೆ. ನಮ್ಮಲ್ಲಿ ಉಬ್ಬರವಿಳಿತ ಒಂದು-ಒಂದೂವರೆ ಮೀಟರಷ್ಟೇ ಆದರೂ ಹುಣ್ಣಿಮೆ, ಅಮಾವಾಸ್ಯೆಯ ಇಳಿತಕ್ಕೆ ಸೆಳೆತ ಜೋರು. ಭರತ ತುಂಬುತ್ತ ಬಂದು ನೀರು ನಿಲ್ಲುವ ಹೊತ್ತಿಗೆ, ಬೆಳಗಿನ ಬೆಳಕಿನಲ್ಲಿ, ಮೂಡುಗಾಳಿ ಹೊರಗೆ ತಳ್ಳುತ್ತಿರುವಾಗ ಹೊರಡಿ. ದಕ್ಕೆಗೆ ಆಗಷ್ಟೇ ಬಂದ ಮೀನುಗಾರರನ್ನು ಕೇಳಿ: "ಅಣ್ಣಾ, ಅಳಿವೆಯಲ್ಲಿ ತೆರೆ ಹೇಗಿದೆ, ಮರಳು ಯಾವ ಬದಿಗೆ ಕೂತಿದೆ?" ಮರಳದಿಣ್ಣೆ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, ಅವರ ಉತ್ತರ ನಕ್ಷೆಗಿಂತ ಹೊಸದು.

ಹೊರಬಂದ ಮೇಲೆ ಮೊದಲ ಕೆಲವು ಗಂಟೆ ಬಲೆಗಳ ನಡುವೆ ಸಾಗಬೇಕು. ಬಾವುಟ ಕಟ್ಟಿದ ತೇಲುಗಳನ್ನು ನೋಡುತ್ತಿರಿ. ರಾತ್ರಿಯಾದರೆ ಬೋಟಿನವರು ದೀಪ ಬೀಸಿ ಬಲೆ ಇದೆ ಎಂದು ಹೇಳುತ್ತಾರೆ. ವೇಗ ಇಳಿಸಿ ಅವರು ತೋರಿಸಿದ ಬದಿಗೆ ಹೋಗಿ. ಆಮೇಲೆ ಹಡಗುಗಳ ದಾರಿ. ತೇಲುವ ವಸ್ತುಗಳ ಮೇಲೂ ಕಣ್ಣಿರಲಿ: 2025ರ ಮೇ ತಿಂಗಳಲ್ಲಿ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗ ಅದರ ಕಂಟೈನರುಗಳು ತೇಲಿ ಕೊಲ್ಲಂ, ಆಲಪ್ಪುಳದ ದಡಕ್ಕೆ ಬಂದು ಬಿದ್ದದ್ದು ನೆನಪಿರಬಹುದು.

ಗಾಳಿ ಏರತೊಡಗಿದಾಗ

ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. 12 ನಾಟ್ ಗಾಳಿಯಲ್ಲಿ ಹಿತವಾಗಿದ್ದ ಹಾಯಿ 24ಕ್ಕೆ ದೋಣಿಯನ್ನು ಮಗ್ಗುಲಿಗೆ ಕೆಡವುತ್ತದೆ. ಹಾಯಿ ಚಿಕ್ಕದು ಮಾಡಬೇಕೋ ಏನೋ ಎಂಬ ಯೋಚನೆ ಮೊದಲ ಸಲ ಬಂದ ಕ್ಷಣವೇ ಸರಿಯಾದ ಕ್ಷಣ. ಸೂರ್ಯ ಮುಳುಗುವ ಮುಂಚೆ ಹವೆ ಚೆನ್ನಾಗಿದ್ದರೂ ಒಂದು ಮಡಿಕೆ ರೀಫ್ ಹಾಕಿಬಿಡಿ, ಅಂದರೆ ಹಾಯಿಯ ಕೆಳಭಾಗ ಮಡಚಿ ಚಿಕ್ಕದು ಮಾಡಿ. ಅರ್ಧ ನಾಟ್ ವೇಗ ಕಡಿಮೆಯಾಗಬಹುದು, ಕೆಳಗೆ ಮಲಗಿದವರನ್ನು ಕತ್ತಲಲ್ಲಿ ಎಬ್ಬಿಸುವುದು ತಪ್ಪುತ್ತದೆ.

ಮಾಡುವ ರೀತಿ: ಒಬ್ಬರು ದೋಣಿಯನ್ನು ಗಾಳಿಗೆ ಹತ್ತಿರ ತಿರುಗಿಸಿ ಮುಖ್ಯ ಹಾಯಿಯ ಹಗ್ಗ ಪೂರ್ತಿ ಸಡಿಲಿಸಲಿ; ಹಾಯಿ ಪಟಪಟ ಎನ್ನಬೇಕು. ಇನ್ನೊಬ್ಬರು ಕೊಂಡಿ ಹಾಕಿಕೊಂಡು ಪಟಸ್ತಂಭದ ಬುಡಕ್ಕೆ ಹೋಗಿ ಮಂಡಿಯೂರಿ ಕೂರಲಿ. ಮೇಲೆತ್ತುವ ಹಗ್ಗವನ್ನು ಮೊದಲೇ ಗುರುತು ಮಾಡಿದ ಜಾಗದವರೆಗೆ ಬಿಡಿ. ಹಾಯಿಯ ಮುಂಬದಿಯ ರೀಫ್ ಕಣ್ಣನ್ನು (ಬಳೆಯಿಟ್ಟ ತೂತನ್ನು) ಕೊಕ್ಕೆಗೆ ಸಿಕ್ಕಿಸಿ, ಮತ್ತೆ ಹಗ್ಗ ಎಳೆದು ಬಿಗಿ ಮಾಡಿ. ಕೊನೆಗೆ ಹಿಂಬದಿಯ ರೀಫ್ ಹಗ್ಗವನ್ನು ಹಗ್ಗ ಎಳೆಯುವ ರಾಟೆಯಾದ ವಿಂಚಿಗೆ ಸುತ್ತಿ, ಹಾಯಿಯ ಕೆಳ ಅಂಚು ಹಲಗೆಯಂತೆ ಚಪ್ಪಟೆಯಾಗುವವರೆಗೆ ಎಳೆಯಿರಿ. ಸಡಿಲ ಬಿಟ್ಟರೆ ಹಾಯಿ ಹೊಟ್ಟೆ ಉಬ್ಬಿಸಿಕೊಂಡು, ಚಿಕ್ಕದು ಮಾಡಿದ್ದರ ಪ್ರಯೋಜನವೇ ಹೋಗುತ್ತದೆ. ಉಳಿದ ಬಟ್ಟೆಯನ್ನು ಚಂದಕ್ಕೆ ಕಟ್ಟುತ್ತ ಅಲ್ಲೇ ನಿಲ್ಲಬೇಡಿ, ಹಿಂದಕ್ಕೆ ಬನ್ನಿ. ಈ ಕೆಲಸ ಕತ್ತಲಲ್ಲಿ ಕೈಗೆ ಬರುವಷ್ಟು ದಕ್ಕೆಯಲ್ಲಿ ಅಭ್ಯಾಸವಾಗಿರಬೇಕು.

ದೋಣಿಯನ್ನು ನಿಲ್ಲಿಸಿ ನಿದ್ದೆ ಮಾಡಿ

ಎರಡು ರೀಫ್ ಹಾಕಿದ ಮೇಲೂ ಜನ ದಣಿಯುತ್ತಿದ್ದರೆ ಮುಂದೆ ಹೋಗುವುದನ್ನು ಬಿಡಿ. ಕಡಲ ನಡುವೆಯೂ ದೋಣಿಯನ್ನು ಹೆಚ್ಚುಕಡಿಮೆ ನಿಲ್ಲಿಸಬಹುದು. ಮೂಗನ್ನು ಗಾಳಿಯ ಮೂಲಕ ಆಚೆ ಬದಿಗೆ ತಿರುಗಿಸಿ, ಆದರೆ ಮುಂದಿನ ಚಿಕ್ಕ ಹಾಯಿಯ ಹಗ್ಗ ಬಿಚ್ಚಬೇಡಿ. ಅದು ಈಗ ತಿರುಗುಮುರುಗಾಗಿ ಗಾಳಿ ಹಿಡಿದು ಮೂಗನ್ನು ಗಾಳಿಯಿಂದ ದೂರ ತಳ್ಳುತ್ತದೆ. ಚುಕ್ಕಾಣಿಯ ಹಿಡಿಯನ್ನು ಗಾಳಿ ಹೋಗುವ ಬದಿಗೆ ದೂಡಿ ಕಟ್ಟಿಬಿಡಿ. ಚಕ್ರವಿದ್ದರೆ ಗಾಳಿ ಬರುವ ಬದಿಗೆ ತಿರುಗಿಸಿ ಕಟ್ಟಿ. ಈಗ ಚುಕ್ಕಾಣಿ ಮೂಗನ್ನು ಗಾಳಿಯತ್ತ ತಳ್ಳುತ್ತದೆ. ಎರಡೂ ಸರಿಹೋಗಿ ದೋಣಿ ಗಾಳಿಗೆ ಓರೆಯಾಗಿ ನಿಂತು, ಗಂಟೆಗೆ ಒಂದೆರಡು ಮೈಲಿ ಜಾರುತ್ತಿರುತ್ತದೆ.

ಆಗುವ ಬದಲಾವಣೆ ನಂಬಲಾಗದ್ದು. ಬಡಿತ ನಿಲ್ಲುತ್ತದೆ, ಕೂಗದೆ ಮಾತಾಡಬಹುದು. ಗಾಳಿಯ ಬದಿಗೆ ನೋಡಿದರೆ ದೋಣಿ ಜಾರಿದ ಜಾಡಿನಲ್ಲಿ ನೀರು ಎಣ್ಣೆ ಹಾಕಿದಂತೆ ನುಣುಪಾಗಿ, ಆ ಜಾಗಕ್ಕೆ ಬಂದ ತೆರೆಯ ನೊರೆ ಅಡಗುವುದು ಕಾಣುತ್ತದೆ. ಒಬ್ಬರು ಕಾವಲಿದ್ದು ಉಳಿದವರು ಗಂಜಿ ಕುಡಿದು ಮಲಗಿ. ಎಲ್ಲ ದೋಣಿಯೂ ಒಂದೇ ಕೋನದಲ್ಲಿ ನಿಲ್ಲುವುದಿಲ್ಲ. ಹಾಯಿಯ ಹಗ್ಗವನ್ನು ಎಷ್ಟು ಬಿಡಬೇಕೆಂದು ನಿಮ್ಮ ದೋಣಿಯಲ್ಲೇ ಸಾಧಾರಣ ಗಾಳಿಯಿರುವಾಗ ಕಂಡುಕೊಳ್ಳಿ. ಜಾರುವ ಲೆಕ್ಕವನ್ನೂ ಇಡಿ. ಪಡುಗಾಳಿಯಲ್ಲಿ 12 ಗಂಟೆ ನಿಂತರೆ 12ರಿಂದ 24 ಮೈಲಿ ಊರ ಕಡೆಗೆ ಸರಿದಿರುತ್ತೀರಿ.

ತೆರೆ ಒಡೆಯತೊಡಗಿದರೆ

ಎತ್ತರದ ತೆರೆಗೆ ಹೆದರಬೇಕಾಗಿಲ್ಲ, ಒಡೆದು ಬೀಳುವ ತೆರೆಗೆ ಹೆದರಬೇಕು. ದೋಣಿಯ ಉದ್ದದ ಮೂರನೇ ಒಂದರಷ್ಟು ಎತ್ತರದ ತೆರೆ ಅಡ್ಡಕ್ಕೆ ಬಂದು ಒಡೆದರೆ ದೋಣಿ ಮಗುಚಬಹುದು. ಮೂವತ್ತಡಿಯ ದೋಣಿಗೆ ಅದು ಮೂರು ಮೀಟರ್. ಅಂಥ ತೆರೆಗೆ ಮಗ್ಗುಲು ಕೊಡಲೇಬಾರದು. ಹಾಯಿ ಇಳಿಸಿ ಕಟ್ಟಿ, ಹಿಂಬದಿಯನ್ನು ತೆರೆಗೆ ಕೊಟ್ಟು ಗಾಳಿಯ ಜೊತೆ ಓಡಿ. ವೇಗ ಹೆಚ್ಚಿ ಮೂಗು ಮುಂದಿನ ತೆರೆಗೆ ಚುಚ್ಚದಂತೆ ಹಿಂದಿನಿಂದ ಡ್ರೋಗ್ (ನೀರಿನಲ್ಲಿ ಎಳೆದು ವೇಗ ತಡೆಯುವ ಬಟ್ಟೆಯ ಚೀಲ) ಎಳೆಯಿರಿ. ಅದಿಲ್ಲದಿದ್ದರೆ ಇರುವ ಅತಿ ಉದ್ದದ ದಪ್ಪ ಹಗ್ಗದ ಎರಡು ತುದಿಗಳನ್ನು ಹಿಂಬದಿಯ ಎರಡು ಮೂಲೆಗೆ ಕಟ್ಟಿ, ನಡುವಿನ ಸುರುಳಿಯನ್ನು ನೀರಿಗೆ ಬಿಡಿ. ಒಳಗಿನ ಬಾಗಿಲ ಹಲಗೆಗಳನ್ನು ಹಾಕಿ ಮುಚ್ಚಿ.

ಆಗ ದಡದ ಆಸೆ ಎಲ್ಲರನ್ನೂ ಹಿಡಿಯುತ್ತದೆ. ಪಡುಗಾಳಿ ಬಲವಾಗಿರುವಾಗ ಕಾಸರಗೋಡಿನ ತೀರದುದ್ದಕ್ಕೂ ಆಶ್ರಯವಿಲ್ಲ. ಅಳಿವೆಗಳೆಲ್ಲ ಬಿಳಿ ನೊರೆಯಾಗಿ ಮುಚ್ಚಿರುತ್ತವೆ. ಆಳ ನೀರಿನಲ್ಲಿರುವ ದೋಣಿಗೆ ಜಾಗವಿದೆ, ಸಮಯವಿದೆ. ಹವೆ ಇಳಿಯುವವರೆಗೆ ಹೊರಗೇ ಇರಿ.

ಜೀವಕ್ಕೆ ಅಪಾಯ ಎನಿಸಿದರೆ ಸಂಕೋಚಪಡದೆ ಇಪಿಐಆರ್‌ಬಿ ಒತ್ತಿ, ರೇಡಿಯೋದ 16ನೇ ಚಾನೆಲ್‌ನಲ್ಲಿ "ಮೇಡೇ" ಮೂರು ಸಲ, ದೋಣಿಯ ಹೆಸರು ಮೂರು ಸಲ, ಇರುವ ಜಾಗ, ಆದ ಅನಾಹುತ, ಜನರ ಸಂಖ್ಯೆ ಹೇಳಿ. ಆದರೆ ದೋಣಿ ನಿಜವಾಗಿ ಕಾಲಡಿ ಮುಳುಗುವವರೆಗೆ ಲೈಫ್ ರಾಫ್ಟಿಗೆ (ಗಾಳಿ ತುಂಬಿದ ಜೀವರಕ್ಷಕ ತೆಪ್ಪಕ್ಕೆ) ಹೋಗಬೇಡಿ. 2018ರ ಸೆಪ್ಟೆಂಬರಿನಲ್ಲಿ ಒಬ್ಬರೇ ಜಗತ್ತು ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿದ್ದ ಭಾರತದ ನಾವಿಕ ಅಭಿಲಾಷ್ ಟೋಮಿಯವರ ಹಾಯಿದೋಣಿ 'ತುರಿಯಾ' ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಉರುಳಿ ಪಟಸ್ತಂಭ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಅವರು ದೋಣಿಯೊಳಗೇ ಮಲಗಿದ್ದರು. ಮೂರು ದಿನಗಳ ನಂತರ ಫ್ರಾನ್ಸಿನ 'ಒಸಿರಿಸ್' ಹಡಗಿನವರು ಅಲ್ಲಿಂದಲೇ ಅವರನ್ನು ಎತ್ತಿಕೊಂಡರು. ಅದೇ ಸ್ಪರ್ಧೆಗೆ ಮತ್ತೆ ಹೋಗಿ 2023ರಲ್ಲಿ ಅವರು ಎರಡನೆಯವರಾಗಿ ಮುಗಿಸಿದರು.

ದ್ವೀಪ, ಮತ್ತೆ ಊರು

ಲಕ್ಷದ್ವೀಪದ ನೆಲ ಕೆಲವೇ ಮೀಟರ್ ಎತ್ತರ. ತೆಂಗಿನ ತಲೆಗಳು ಕಾಣುವ ಹೊತ್ತಿಗೆ ಹತ್ತಿರವೇ ಬಂದಿರುತ್ತೀರಿ. ಕತ್ತಲಲ್ಲಿ ತಲುಪಿದರೆ ಹತ್ತು ಮೈಲಿ ಆಚೆಯೇ ಮೇಲೆ ಹೇಳಿದಂತೆ ದೋಣಿ ನಿಲ್ಲಿಸಿ. ಹವಳದ ದಂಡೆಯ ಬಾಯಿ ಹೊಗಲು ಸೂರ್ಯ ಮೇಲೇರಿ ಬೆನ್ನ ಹಿಂದಿರಬೇಕು. ಆಗ ಹವಳ ಕಂದಾಗಿ, ಆಳ ನೀಲಿಯಾಗಿ ಬೇರೆಬೇರೆ ಕಾಣುತ್ತದೆ. ದಣಿದ ಜನ ಸಾಮಾನ್ಯವಾಗಿ ಇಲ್ಲೇ ಆತುರಪಡುವುದು.

ಹೋಗುವಾಗ ಬೆನ್ನಿಗಿದ್ದ ಬಡಗುಮೂಡು ಗಾಳಿ ಬರುವಾಗ ಮುಖಕ್ಕೆ ಬಡಿಯುತ್ತದೆ. ಒರಟು ಪ್ರಯಾಣ ಹೆಚ್ಚಾಗಿ ಇದೇ ಆಗಿರುತ್ತದೆ. ರಜೆ ಮುಗಿಯಿತೆಂದು ಹೊರಡಬೇಡಿ. ಗಾಳಿ ಬಡಗುಪಡುವಿಗೆ ತಿರುಗಿ ಮಗ್ಗುಲಿಗೆ ಸಿಗುವವರೆಗೆ ಕಾಯಿರಿ. ಚಳಿಗಾಲದಲ್ಲಿ ತೀರದ ಪ್ರವಾಹ ಬಡಗಿಗೆ ಹರಿಯುವುದರಿಂದ ಗುರಿಯನ್ನು ಸ್ವಲ್ಪ ತೆಂಕಿಗೆ ಇಟ್ಟುಕೊಳ್ಳಿ. ಅಳಿವೆಯ ಹೊರಗೆ ರಾತ್ರಿಯಾದರೆ ಬೆಳಗಿನ ಭರತಕ್ಕೆ ಕಾದು ಒಳಬನ್ನಿ. ದೋಣಿ ಕಟ್ಟಿದ ಕೂಡಲೇ, ಸ್ನಾನ ಊಟಕ್ಕೂ ಮೊದಲು, ಹಾಳೆ ಕೊಟ್ಟಿದ್ದ ಠಾಣೆಗೂ ಮನೆಗೂ ಫೋನ್ ಮಾಡಿ ತಲುಪಿದ್ದೇವೆ ಎಂದು ಹೇಳಿ. ಹೇಳದಿದ್ದರೆ ಬರೆದುಕೊಟ್ಟ ಹೊತ್ತು ಮೀರಿದ ಮೇಲೆ ನಿಮ್ಮನ್ನು ಹುಡುಕಲು ಬೇರೆಯವರು ಕಡಲಿಗೆ ಇಳಿಯಬೇಕಾಗುತ್ತದೆ.